ವಾಣಿಜ್ಯ ಕಾನೂನಿನ ಎಲ್‌ಎಲ್‌ಎಂ ಓದಲು ಬ್ರಿಟನ್ನಿಗೆ ಹೋಗಬೇಕೇ? ಪರ ಮತ್ತು ವಿರೋಧ

ಕರ್ನಾಟಕದಲ್ಲಿ ಕಾನೂನು ಪದವಿ ಮುಗಿಸಿ ಸನ್ನದು ಪಡೆದ ಯುವ ವಕೀಲರಲ್ಲಿ ಅನೇಕರು ಅಂತರರಾಷ್ಟ್ರೀಯ ಮತ್ತು ವಾಣಿಜ್ಯ ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂಗಾಗಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳತ್ತ ನೋಡುತ್ತಾರೆ. ಮನೆಯವರು ಸಾಲ ಮಾಡಿಯಾದರೂ ಕಳಿಸಬೇಕೇ, ವೃತ್ತಿಯ ಮೊದಲ ವರ್ಷಗಳಲ್ಲಿ ಒಂದನ್ನು ಅಲ್ಲಿ ಕಳೆಯುವುದು ಲಾಭದಾಯಕವೇ ಎಂಬುದು ಇಲ್ಲಿನ ಪ್ರಶ್ನೆ. ಎರಡೂ ಕಡೆಯ ವಾದಗಳನ್ನು ಒಂದಾದ ಮೇಲೊಂದರಂತೆ ಮುಂದಿಡಲಾಗಿದೆ. ವಿರೋಧದ ತಟ್ಟೆ ತುಸು ಕೆಳಗೆ ಜಗ್ಗಿದಂತೆ ಕಂಡರೆ ಅದು ಬರೆದವರ ಒಲವೆಂದು ಓದುಗರು ತಿಳಿಯಬಹುದು.

ಪರ

ಪಣಂಬೂರಿನ ನವಮಂಗಳೂರು ಬಂದರಿನಿಂದ ಇಟಲಿಗೆ ಹೊರಡುವ ಒಂದು ಕಂಟೇನರ್ ಕಾಫಿಯ ಕಾಗದಪತ್ರಗಳನ್ನು ನೋಡೋಣ. ಭಾರತದ ಕಾಫಿಗೆ ಅತಿ ದೊಡ್ಡ ಗಿರಾಕಿ ಇಟಲಿಯೇ ಆದ್ದರಿಂದ ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿಯನ್ನು ರಫ್ತು ಮಾಡುವವರಿಗೆ ಇದು ದಿನನಿತ್ಯದ ವ್ಯವಹಾರ. ಕರಾರಿನಲ್ಲಿ ಬೆಲೆಯ ಪಕ್ಕ ಸಿಐಎಫ್ (ವೆಚ್ಚ, ವಿಮೆ, ಸಾಗಣೆ) ಎಂದು ಬರೆದಿದ್ದರೆ ಹಡಗಿನ ಬಾಡಿಗೆಯನ್ನೂ ವಿಮೆಯ ಕಂತನ್ನೂ ಮಾರುವವರೇ ಕಟ್ಟಬೇಕು. ಆದರೆ ಸರಕು ಪಣಂಬೂರಿನಲ್ಲಿ ಹಡಗನ್ನೇರಿದ ಗಳಿಗೆಯಿಂದ ಅದಕ್ಕೆ ಒದಗುವ ಹಾನಿಯ ಹೊಣೆ ಕೊಳ್ಳುವವರದು. ಸಾಗಣೆಗೆ ದುಡ್ಡು ಕೊಟ್ಟವರೇ ದಾರಿಯಲ್ಲಿನ ನಷ್ಟಕ್ಕೂ ಹೊಣೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ, ಆದರೆ ನಿಯಮ ಹಾಗಿಲ್ಲ. ಈ ನಿಯಮವನ್ನು ಯಾವ ದೇಶದ ಶಾಸನಸಭೆಯೂ ಮಾಡಿದ್ದಲ್ಲ. ಪ್ಯಾರಿಸ್ಸಿನಲ್ಲಿರುವ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯು 1936ರಲ್ಲಿ ಮೊದಲು ಪ್ರಕಟಿಸಿ, ಆಗಾಗ ತಿದ್ದುತ್ತ ಬಂದಿರುವ ಮಾರಾಟ ಷರತ್ತುಗಳ ಸಂಗ್ರಹವಾದ ಇನ್‌ಕೋಟರ್ಮ್ಸ್‌ನಲ್ಲಿ ಅದು ಇದೆ. ಈಗ ಬಳಕೆಯಲ್ಲಿರುವ 2020ರ ಆವೃತ್ತಿಯಲ್ಲಿ ಇಂಥ 11 ಷರತ್ತುಗಳಿವೆ. ಕಂಟೇನರಿನಲ್ಲಿ ಹೋಗುವ ಸರಕಿಗೆ ಸಿಐಎಫ್ ಹೊಂದುವುದಿಲ್ಲ, ಅದರ ಬದಲು ಸಿಐಪಿ ಎಂಬ ಇನ್ನೊಂದು ಷರತ್ತನ್ನು ಬಳಸಿ ಎಂದು ಆ ಮಂಡಳಿಯೇ ಹೇಳುತ್ತದೆ. ವ್ಯಾಪಾರಿಗಳಲ್ಲಿ ಬಹಳ ಮಂದಿ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ಬೇರೆ ಮಾತು.

ಹಣ ಕೈಸೇರುವ ಬಗೆ ಇನ್ನೂ ಸೂಕ್ಷ್ಮವಾದದ್ದು. ಲೆಟರ್ ಆಫ್ ಕ್ರೆಡಿಟ್ ಮೂಲಕ, ಅಂದರೆ ಸರಿಯಾದ ದಾಖಲೆ ಒಪ್ಪಿಸಿದರೆ ಹಣ ಕೊಡುವುದಾಗಿ ಬ್ಯಾಂಕು ಕೊಡುವ ಭರವಸೆಯ ಮೂಲಕ, ಪಾವತಿ ಎಂದಾದರೆ ಬ್ಯಾಂಕಿನವರು ಕಾಫಿಯ ಚೀಲ ಬಿಚ್ಚಿ ನೋಡುವುದಿಲ್ಲ, ಕಾಗದವನ್ನಷ್ಟೇ ನೋಡುತ್ತಾರೆ. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ನಿಯಮಾವಳಿಯ ಪ್ರಕಾರ, ದಾಖಲೆಗಳನ್ನು ಒಪ್ಪಿಸಿದ ಮೇಲೆ ಅವು ಸರಿಯಿವೆಯೇ ಇಲ್ಲವೇ ಎಂದು ತೀರ್ಮಾನಿಸಲು ಬ್ಯಾಂಕಿಗೆ ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನಗಳ ಕಾಲಾವಕಾಶವಿದೆ. ಇನ್‌ವಾಯ್ಸ್‌ನಲ್ಲಿನ ಸರಕಿನ ವಿವರಣೆ ಲೆಟರ್ ಆಫ್ ಕ್ರೆಡಿಟ್‌ನಲ್ಲಿರುವ ವಿವರಣೆಗೆ ಹೊಂದಬೇಕು. ವಿಮೆಯ ಮೊತ್ತದ ಬಗ್ಗೆ ಬೇರೇನೂ ಹೇಳದಿದ್ದರೆ ಅದು ಸಿಐಎಫ್ ಬೆಲೆಯ ಕನಿಷ್ಠ 110 ಪ್ರತಿಶತ ಇರಬೇಕು. ಕಾಫಿ ಎಷ್ಟೇ ಉತ್ತಮವಾಗಿರಲಿ, ವಿಮಾಪತ್ರದಲ್ಲಿ 100 ಪ್ರತಿಶತ ಎಂದಷ್ಟೇ ಇದ್ದರೆ ಬ್ಯಾಂಕು ಆ ಕಾಗದಗಳನ್ನು ತಿರಸ್ಕರಿಸಬಹುದು, ಕಾಫಿಯ ಪೇಟೆಬೆಲೆ ಅಷ್ಟರಲ್ಲಿ ಕುಸಿದಿದ್ದರೆ ಕೊಳ್ಳುವವರು ಅದನ್ನೇ ನೆಪ ಮಾಡಿಕೊಳ್ಳಬಹುದು. ನಮ್ಮ ಎಲ್‌ಎಲ್‌ಬಿ ತರಗತಿಗಳಲ್ಲಿ 1872ರ ಕರಾರು ಕಾಯ್ದೆಯನ್ನೂ 1930ರ ಸರಕು ಮಾರಾಟ ಕಾಯ್ದೆಯನ್ನೂ ಸೆಕ್ಷನ್ ಸೆಕ್ಷನ್ ಆಗಿ ಓದಿಸುತ್ತಾರೆ, ಆದರೆ ಹಡಗಿಗೆ ಸರಕು ಒಪ್ಪಿಸಿದ್ದಕ್ಕೆ ಸಿಗುವ ಪತ್ರವಾದ ಬಿಲ್ ಆಫ್ ಲೇಡಿಂಗನ್ನು ಕೈಯಲ್ಲಿ ಹಿಡಿದು ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದ ವಿದ್ಯಾರ್ಥಿ ಅಪರೂಪ. ವಾಣಿಜ್ಯ ಕಾನೂನಿನ ಎಲ್‌ಎಲ್‌ಎಂ ಹೊರಡುವುದೇ ಈ ಕಾಗದಗಳಿಂದ.

ಇದನ್ನು ಬ್ರಿಟನ್ನಿನಲ್ಲೇ ಏಕೆ ಓದಬೇಕು ಎಂಬುದಕ್ಕೆ ಇತಿಹಾಸವೂ ವ್ಯವಹಾರವೂ ಒಟ್ಟಿಗೆ ಉತ್ತರ ಕೊಡುತ್ತವೆ. ಇಂಗ್ಲೆಂಡಿನ ಗ್ಲಾಸ್ಟರ್ ಊರಿನ ಹಿಟ್ಟಿನ ಗಿರಣಿಯೊಂದರ ಮುರಿದ ಯಂತ್ರದಂಡವನ್ನು ಸಾಗಿಸುವುದು ತಡವಾಗಿ, ಗಿರಣಿ ನಿಂತು, ಅದು ಕಳೆದುಕೊಂಡ ಲಾಭವನ್ನು ಕಟ್ಟಿಕೊಡಬೇಕೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಬಂದದ್ದು 1854ರ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಪ್ರಕರಣ. ನಮ್ಮ ಕರಾರು ಕಾಯ್ದೆಯ ಸೆಕ್ಷನ್ 73 ಆ ತೀರ್ಪಿನ ತತ್ವವನ್ನೇ ಶಾಸನದ ರೂಪದಲ್ಲಿ ಇಟ್ಟುಕೊಂಡಿದೆ. ಆ ಸೆಕ್ಷನ್ನಿನ ಕೆಳಗಿನ ಉದಾಹರಣೆಗಳಲ್ಲಿ ಒಂದು ಗಿರಣಿಗೆ ಯಂತ್ರ ಸಾಗಿಸುವವನ ಕಥೆಯೇ ಆಗಿದೆ. ಧಾರವಾಡದಲ್ಲಿ ಸೆಕ್ಷನ್ 73 ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಇಂಗ್ಲೆಂಡಿನ ಕರಾರು ಕಾನೂನು ಪರಕೀಯವೆನಿಸುವುದಿಲ್ಲ, ಫ್ರಾನ್ಸ್ ಅಥವಾ ಜರ್ಮನಿಯ ಸಂಹಿತೆಯಾದರೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ವ್ಯವಹಾರದ ಕಡೆ ನೋಡಿದರೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಯುರೋಪಿನ ಗಿರಾಕಿಯ ಜೊತೆ ಮಾಡಿಕೊಳ್ಳುವ ಕರಾರಿನಲ್ಲಿ ‘ಇಂಗ್ಲೆಂಡಿನ ಕಾನೂನು ಅನ್ವಯಿಸುತ್ತದೆ, ಆರ್ಬಿಟ್ರೇಷನ್ ಸಿಂಗಪುರದಲ್ಲಿ’ ಎಂದಿರುವುದು ಹೊಸದೇನಲ್ಲ. ಆರ್ಬಿಟ್ರೇಷನ್ ಎಂದರೆ ನ್ಯಾಯಾಲಯದ ಬದಲು ಪಕ್ಷಗಾರರು ಒಪ್ಪಿಕೊಂಡ ಪಂಚರ ಮುಂದೆ ವ್ಯಾಜ್ಯ ಬಗೆಹರಿಸಿಕೊಳ್ಳುವುದು. ಎರಡೂ ಭಾರತೀಯ ಕಂಪನಿಗಳೇ ಆಗಿದ್ದರೂ ಆರ್ಬಿಟ್ರೇಷನ್ನಿನ ಪೀಠವನ್ನು, ಅಂದರೆ ಅದರ ಕಾನೂನಿನ ನೆಲೆಯನ್ನು, ಹೊರದೇಶದಲ್ಲಿ ಇಟ್ಟುಕೊಳ್ಳಬಹುದು ಎಂದು ನಮ್ಮ ಸುಪ್ರೀಂ ಕೋರ್ಟ್ 2021ರಲ್ಲಿ ಪಿಎಎಸ್‌ಎಲ್ ವಿಂಡ್ ಸೊಲ್ಯೂಷನ್ಸ್ ಪ್ರಕರಣದಲ್ಲಿ ಹೇಳಿದೆ.

ಅಂಥ ಕರಾರಿನಲ್ಲಿ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಮೂಲ ಕರಾರಿಗೆ ಒಂದು ದೇಶದ ಕಾನೂನು, ಆರ್ಬಿಟ್ರೇಷನ್ ಪೀಠ ಇನ್ನೊಂದು ದೇಶದಲ್ಲಿ. ಹಾಗಿದ್ದರೆ ಆರ್ಬಿಟ್ರೇಷನ್ನಿಗೆ ಒಪ್ಪಿದ ಷರತ್ತಿಗೆ ಅನ್ವಯಿಸುವ ಕಾನೂನು ಯಾವುದು? ಬ್ರಿಟನ್ನಿನ ಸುಪ್ರೀಂ ಕೋರ್ಟ್ 2020ರ ಎಂಕಾ ಪ್ರಕರಣದಲ್ಲಿ ಇದಕ್ಕೆ ಸುದೀರ್ಘವಾದ, ಒಮ್ಮತವಿಲ್ಲದ ಉತ್ತರ ಕೊಟ್ಟಿತು. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಅಲ್ಲಿನ ಹೊಸ ಆರ್ಬಿಟ್ರೇಷನ್ ಕಾಯ್ದೆಯು ಅದನ್ನು ಬದಿಗಿಟ್ಟು, ಪಕ್ಷಗಾರರು ಬೇರೆ ರೀತಿ ಸ್ಪಷ್ಟವಾಗಿ ಒಪ್ಪದ ಹೊರತು ಪೀಠವಿರುವ ದೇಶದ ಕಾನೂನೇ ಅನ್ವಯಿಸುತ್ತದೆ ಎಂದಿತು. ಡಿಕ್ರಿಯ ವಿಚಾರದಲ್ಲೂ ಬ್ರಿಟನ್ನಿಗೆ ನಮ್ಮೊಂದಿಗೆ ವಿಶೇಷ ನಂಟಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 44ಎ ಪ್ರಕಾರ ಅಲ್ಲಿನ ಮೇಲ್ದರ್ಜೆಯ ನ್ಯಾಯಾಲಯದ ಹಣದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ಇಲ್ಲಿನದೇ ಡಿಕ್ರಿಯಂತೆ ಅಮಲ್ಜಾರಿ ಮಾಡಿಸಬಹುದು. ಅಮೆರಿಕದ ಡಿಕ್ರಿ ತಂದವರು ಹೊಸದಾಗಿ ದಾವೆ ಹೂಡಬೇಕು.

ಇದೆಲ್ಲ ದೂರದ ಮಾತೆಂದು ಭಾವಿಸುವವರಿಗೆ ಬೆಂಗಳೂರಿನದೇ ಒಂದು ಪ್ರಕರಣವಿದೆ. ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ 2005ರ ಜನವರಿಯಲ್ಲಿ ದೇವಾಸ್ ಮಲ್ಟಿಮೀಡಿಯಾ ಎಂಬ ಬೆಂಗಳೂರಿನ ಕಂಪನಿಯೊಂದಿಗೆ ಉಪಗ್ರಹದ ಎಸ್-ಬ್ಯಾಂಡ್ ತರಂಗಗುಚ್ಛದ ಬಳಕೆಗೆ ಕರಾರು ಮಾಡಿಕೊಂಡಿತು. 2011ರ ಫೆಬ್ರುವರಿಯಲ್ಲಿ ಅದು ರದ್ದಾಯಿತು. ಕರಾರಿನ ಪ್ರಕಾರ ನಡೆದ ಆರ್ಬಿಟ್ರೇಷನ್ನಿನಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ದೇವಾಸ್‌ಗೆ 56.25 ಕೋಟಿ ಡಾಲರ್ ಮತ್ತು ಬಡ್ಡಿಯ ಅವಾರ್ಡ್, ಅಂದರೆ ಪಂಚರ ತೀರ್ಪು, ಸಿಕ್ಕಿತು. ದೇವಾಸ್‌ನಲ್ಲಿ ಹಣ ಹೂಡಿದ್ದ ಮಾರಿಷಸ್ ಕಂಪನಿಗಳು ಭಾರತ ಮತ್ತು ಮಾರಿಷಸ್ ನಡುವಿನ ಹೂಡಿಕೆ ಒಪ್ಪಂದವನ್ನು ಹಿಡಿದು, ಡಾಯ್ಚ ಟೆಲಿಕಾಂ ಭಾರತ ಮತ್ತು ಜರ್ಮನಿಯ ಒಪ್ಪಂದವನ್ನು ಹಿಡಿದು, ಬೇರೆ ಎರಡು ಆರ್ಬಿಟ್ರೇಷನ್ ನಡೆಸಿ ಭಾರತ ಸರ್ಕಾರದ ವಿರುದ್ಧ ಗೆದ್ದವು. ಒಂದೇ ಕರಾರು ಮುರಿದದ್ದಕ್ಕೆ ಮೂರು ಕಡೆ ಮೂರು ಬಗೆಯ ಕಾನೂನಿನಡಿ ವಿಚಾರಣೆ ನಡೆಯಿತು. ಕೆನಡಾ, ಫ್ರಾನ್ಸ್, ಅಮೆರಿಕದ ನ್ಯಾಯಾಲಯಗಳಲ್ಲಿ ವಸೂಲಿಯ ಪ್ರಯತ್ನಗಳಾದವು. ಅಮೆರಿಕದ ನ್ಯಾಯಾಲಯಗಳಿಗೆ ಆಂಟ್ರಿಕ್ಸ್ ಮೇಲೆ ಅಧಿಕಾರವಿದೆಯೇ ಎಂಬ ಒಂದೇ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿ 2025ರ ಜೂನ್‌ನಲ್ಲಿ ದೇವಾಸ್ ಹೂಡಿಕೆದಾರರ ಪರವಾಗಿ ತೀರ್ಪಾಯಿತು. ಸಾರ್ವಜನಿಕ ಅಂತರರಾಷ್ಟ್ರೀಯ ಕಾನೂನು ಬೇರೆ, ವಾಣಿಜ್ಯ ಕಾನೂನು ಬೇರೆ ಎಂದು ಎರಡು ಪೇಪರುಗಳಾಗಿ ಓದಿದವರಿಗೆ ಈ ಪ್ರಕರಣದ ಬುಡ ತುದಿ ಸಿಗುವುದು ಕಷ್ಟ.

ಕೋಲ್ ಇಂಡಿಯಾ ವಿರುದ್ಧ ಗೆದ್ದ ಅವಾರ್ಡನ್ನು ನಮ್ಮ ನ್ಯಾಯಾಲಯಗಳಲ್ಲಿ ಜಾರಿ ಮಾಡಿಸಲಾಗದೆ ವರ್ಷಗಟ್ಟಲೆ ಕಾದ ವೈಟ್ ಇಂಡಸ್ಟ್ರೀಸ್ ಎಂಬ ಆಸ್ಟ್ರೇಲಿಯಾದ ಕಂಪನಿ 2011ರಲ್ಲಿ ಭಾರತದ ವಿರುದ್ಧ ಗೆದ್ದ ಬಗೆಯೂ ಇಂಥದೇ: ಆಸ್ಟ್ರೇಲಿಯಾದ ಒಪ್ಪಂದದಲ್ಲಿ ಇರದಿದ್ದ ಭರವಸೆಯೊಂದನ್ನು ಭಾರತ ಕುವೈತಿನೊಂದಿಗೆ ಮಾಡಿಕೊಂಡಿದ್ದ ಒಪ್ಪಂದದಿಂದ ಎರವಲು ಪಡೆದು ಅದು ಗೆದ್ದಿತು. ಆ ಸೋಲಿನ ನಂತರವೇ ನಮ್ಮ ಸರ್ಕಾರ ಹೂಡಿಕೆ ಒಪ್ಪಂದಗಳ ಮಾದರಿಯನ್ನು ಬದಲಿಸಿತು, ಹಳೆಯ ಅನೇಕ ಒಪ್ಪಂದಗಳನ್ನು ಕೊನೆಗೊಳಿಸಿತು. ಸರ್ಕಾರಕ್ಕೂ ರಾಜ್ಯದ ನಿಗಮಗಳಿಗೂ ಇಂಥ ವಾಕ್ಯಗಳನ್ನು ಮುಂಚಿತವಾಗಿ ಓದಬಲ್ಲವರು ಬೇಕು.

ಒಂದು ವರ್ಷ ಎಂಬುದು ಕಡಿಮೆ ಎನಿಸಬಹುದು. ಬ್ರಿಟನ್ನಿನ ಎಲ್‌ಎಲ್‌ಎಂ ಸಾಮಾನ್ಯವಾಗಿ 180 ಕ್ರೆಡಿಟ್‌ಗಳದ್ದು, ಅದರಲ್ಲಿ 60ರಷ್ಟು ಪ್ರಬಂಧಕ್ಕೆ ಮೀಸಲು. ಉಳಿದದ್ದರಲ್ಲಿ ವಿದ್ಯಾರ್ಥಿ ತಾನೇ ಆರಿಸಿಕೊಂಡ ನಾಲ್ಕಾರು ವಿಷಯಗಳನ್ನು ಸೆಮಿನಾರ್ ರೂಪದಲ್ಲಿ ಓದುತ್ತಾನೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯ ಕಾನೂನಿಗೆಂದೇ 1980ರಲ್ಲಿ ಆರಂಭವಾದ ಕೇಂದ್ರವಿದೆ, ಅಂತರರಾಷ್ಟ್ರೀಯ ಆರ್ಬಿಟ್ರೇಷನ್ನಿಗೆ 1985ರಿಂದ ಪ್ರತ್ಯೇಕ ಶಾಲೆಯಿದೆ. ಅಲ್ಲಿ ಮೇಜಿನ ಸುತ್ತ ಕೂರುವವರಲ್ಲಿ ನೈಜೀರಿಯಾದ ಬ್ಯಾಂಕ್ ವಕೀಲರೂ ಗ್ರೀಸಿನ ಹಡಗು ಉದ್ಯಮದವರೂ ಬ್ರೆಜಿಲ್ಲಿನವರೂ ಇರಬಹುದು. ಎದುರು ಪಕ್ಷದವರು ಒಂದು ಷರತ್ತನ್ನು ಹೇಗೆ ಓದುತ್ತಾರೆ ಎಂಬುದು ಪುಸ್ತಕಕ್ಕಿಂತ ಅವರ ಬಾಯಿಂದ ಬೇಗ ತಿಳಿಯುತ್ತದೆ. ಖರ್ಚು ದೊಡ್ಡದು, ಒಪ್ಪಬೇಕಾದ ಮಾತೇ. ಆದರೆ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ, 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ದತ್ತಿಯ ಸಾಲ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ಪರಿಶಿಷ್ಟರಿಗಾಗಿ ನಮ್ಮದೇ ರಾಜ್ಯದ ಪ್ರಬುದ್ಧ ಯೋಜನೆ ಇವೆಲ್ಲ ಇರುವುದು ಯಾರಾದರೂ ಪಡೆಯಲೆಂದೇ. ಮೊದಲ ತಲೆಮಾರಿನ ವಕೀಲರಿಗೆ ಹಿರಿಯರ ಕಚೇರಿ ಎಂಬ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. ವಕೀಲರ ಮನೆತನದಿಂದ ಬಂದವರು ಇಲ್ಲೇ ಕಲಿಯಿರಿ ಎಂದು ಹೇಳುವಾಗ ಅದನ್ನು ಮರೆಯಬಾರದು.

ವಿರೋಧ

ಮೇಲಿನ ವಾದದಲ್ಲಿ ವಿಷಯದ ಮಹತ್ವದ ಬಗ್ಗೆ ಹೇಳಿದ್ದೆಲ್ಲ ಸರಿ. ಬಿಲ್ ಆಫ್ ಲೇಡಿಂಗ್ ಓದಲು ಬರಬೇಕು, ಆರ್ಬಿಟ್ರೇಷನ್ ಪೀಠದ ಅರ್ಥ ಗೊತ್ತಿರಬೇಕು. ಆದರೆ ಒಂದು ವಿಷಯ ಮುಖ್ಯ ಎಂಬುದರಿಂದ ಅದಕ್ಕಾಗಿ ಕೊಡುವ ಪದವಿಯೂ ಅಷ್ಟೇ ಮುಖ್ಯ ಎಂದಾಗುವುದಿಲ್ಲ. ತಕರಾರು ಇರುವುದು ಆ ಪದವಿಯ ಬಗ್ಗೆ, ಅದರಲ್ಲೂ ಎಲ್‌ಎಲ್‌ಬಿ ಮುಗಿದ ಬೆನ್ನಿಗೆ ಸಾಲ ಮಾಡಿ ಅದಕ್ಕೆ ಹೊರಡುವುದರ ಬಗ್ಗೆ.

ಎಲ್‌ಎಲ್‌ಎಂ ಯಾವ ದೇಶದಲ್ಲೂ ನಮ್ಮವರಿಗೆ ವಕೀಲಿಯ ಸನ್ನದನ್ನು ತಾನಾಗಿ ಕೊಡುವುದಿಲ್ಲ. ಇಲ್ಲಿ 1961ರ ವಕೀಲರ ಕಾಯ್ದೆಯ ಪ್ರಕಾರ ಎಲ್‌ಎಲ್‌ಬಿ ಸಾಕು. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೂ ಎಲ್‌ಎಲ್‌ಎಂ ಬೇಕಿಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು 2021ರ ಸೆಪ್ಟೆಂಬರ್‌ನಿಂದ ಎಸ್‌ಕ್ಯೂಇ ಎಂಬ ಪರೀಕ್ಷೆ ಇದೆ. ಅದರ ಮೊದಲ ಹಂತದಲ್ಲಿ 180ರಂತೆ ಎರಡು ಪತ್ರಿಕೆಗಳಲ್ಲಿ ಒಟ್ಟು 360 ಬಹು ಆಯ್ಕೆಯ ಪ್ರಶ್ನೆಗಳು, ಎರಡನೆಯ ಹಂತದಲ್ಲಿ ಕಕ್ಷಿದಾರರ ಸಂದರ್ಶನ, ಕರಡು ರಚನೆ, ವಾದಮಂಡನೆಯಂಥ ಕೌಶಲಗಳ ಪರೀಕ್ಷೆ. ಭಾರತದಲ್ಲಿ ಈಗಾಗಲೇ ಸನ್ನದು ಪಡೆದ ವಕೀಲರಿಗೆ ಅಲ್ಲಿನ ಎರಡು ವರ್ಷದ ಕೆಲಸದ ಅನುಭವದ ಷರತ್ತು ಇಲ್ಲ, ಎಲ್‌ಎಲ್‌ಎಂ ಷರತ್ತಂತೂ ಯಾರಿಗೂ ಇಲ್ಲ. ಎರಡೂ ಹಂತದ ಪರೀಕ್ಷಾ ಶುಲ್ಕ ಸೇರಿ 5,000 ಪೌಂಡ್‌ಗೆ ಸಮೀಪ. ಎಲ್‌ಎಲ್‌ಎಂ ಶುಲ್ಕದ ಕಾಲು ಭಾಗವೂ ಅಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ವೃತ್ತಿ ಮಾಡಬೇಕೆಂಬ ಆಸೆ ನಿಜವಾಗಿದ್ದರೆ ದಾರಿ ಇದು, ಅದು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಲೇ ಓದಬಹುದಾದ ದಾರಿ.

ಲೆಕ್ಕವನ್ನು ಬಿಡಿಸಿಯೇ ನೋಡೋಣ. ವಿದೇಶಿ ವಿದ್ಯಾರ್ಥಿಗಳಿಗೆ ಶುಲ್ಕವು ಹಲವು ಕಡೆ ಸುಮಾರು 20,000 ಪೌಂಡ್, ಲಂಡನ್ನಿನ ಹೆಸರಾಂತ ಕಾಲೇಜುಗಳಲ್ಲಿ 35,000 ದಾಟುತ್ತದೆ. ನಡುವಿನ 25,000 ಹಿಡಿದು, ಪೌಂಡಿಗೆ 115 ರೂಪಾಯಿ ಎಂದಿಟ್ಟುಕೊಂಡರೆ ಶುಲ್ಕವೇ 28 ಲಕ್ಷ ದಾಟಿತು. ಲಂಡನ್ನಿನಲ್ಲಿ ಓದುವವರು ತಿಂಗಳಿಗೆ 1,500 ಪೌಂಡ್ ಆಸುಪಾಸಿನಂತೆ ಒಂಬತ್ತು ತಿಂಗಳ ಜೀವನವೆಚ್ಚವನ್ನು ವೀಸಾ ಅರ್ಜಿಗೆ ಮುನ್ನ ಖಾತೆಯಲ್ಲಿ ಸತತ 28 ದಿನ ಇಟ್ಟು ತೋರಿಸಬೇಕು, ಅದು ಇನ್ನೊಂದು 15 ಲಕ್ಷ. ಆರೋಗ್ಯ ಸೇವೆಯ ಮೇಲ್ತೆರಿಗೆ ವರ್ಷಕ್ಕೆ 776 ಪೌಂಡ್, ವೀಸಾ ಶುಲ್ಕ, ವಿಮಾನದ ಟಿಕೆಟ್ ಬೇರೆ. 40 ಲಕ್ಷ ಸಾಲವನ್ನು ಶೇ 10.5ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 54,000 ರೂಪಾಯಿ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಭತ್ಯೆ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಶಿಫಾರಸು ಎಂದದ್ದನ್ನು ಓದುಗರು ಗಮನಿಸಿರಬಹುದು. ಎಲ್ಲ ಕಚೇರಿಗಳೂ ಅಷ್ಟು ಕೊಡುತ್ತವೆ ಎಂದು ಯಾವ ಕಿರಿಯ ವಕೀಲರೂ ಹೇಳುವುದಿಲ್ಲ. ಹಿಂದಿರುಗಿದವರು ಬಡ್ತಿ ಪಡೆದು ಕುಳಿತುಕೊಳ್ಳುವ ಕುರ್ಚಿ ಯಾವುದೂ ಇಲ್ಲಿ ಕಾದಿರುವುದಿಲ್ಲ. ನೇಮಕ ಮಾಡುವ ಹಿರಿಯ ವಕೀಲರು ಕೇಳುವುದು ಎಷ್ಟು ವರ್ಷದ ಅನುಭವ ಎಂದು, ಎಲ್‌ಎಲ್‌ಎಂನ ವರ್ಷವನ್ನು ಆ ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು.

ಅಲ್ಲೇ ಉಳಿದು ದುಡಿದು ಸಾಲ ತೀರಿಸಬಹುದಲ್ಲ ಎಂಬ ಮಾತಿಗೂ ಈಗ ಬಲ ಕಡಿಮೆಯಾಗಿದೆ. ಸ್ನಾತಕೋತ್ತರ ಪದವಿಯ ನಂತರ ಎರಡು ವರ್ಷ ಉಳಿಯಲು ಕೊಡುತ್ತಿದ್ದ ಗ್ರಾಜುಯೇಟ್ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಒಂದೂವರೆ ವರ್ಷಕ್ಕೆ ಇಳಿಯುತ್ತದೆ. ಅದರ ನಂತರ ಬೇಕಾಗುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈನಿಂದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ ರಿಯಾಯಿತಿಯ ಮಿತಿ 33,400. ಅಷ್ಟು ಸಂಬಳ ಕೊಟ್ಟು, ಪ್ರಾಯೋಜಕತ್ವದ ಹೊಣೆಯನ್ನೂ ಹೊತ್ತು, ಅಲ್ಲಿನ ಸನ್ನದಿಲ್ಲದ ಎಲ್‌ಎಲ್‌ಎಂ ಪದವೀಧರರನ್ನು ತೆಗೆದುಕೊಳ್ಳುವ ಕಾನೂನು ಸಂಸ್ಥೆಗಳು ಕೆಲವೇ ಕೆಲವು. ದೊಡ್ಡ ಸಂಸ್ಥೆಗಳು ತಮ್ಮ ಟ್ರೇನಿಗಳನ್ನು ಎರಡು ವರ್ಷ ಮೊದಲೇ ಆರಿಸಿಕೊಂಡಿರುತ್ತವೆ. ಸೆಪ್ಟೆಂಬರ್‌ನಲ್ಲಿ ಬಂದು ಮುಂದಿನ ಸೆಪ್ಟೆಂಬರ್‌ನಲ್ಲಿ ಪ್ರಬಂಧ ಒಪ್ಪಿಸುವ ವಿದ್ಯಾರ್ಥಿಗೆ ಆ ಚಕ್ರದೊಳಗೆ ಸೇರಲು ಸಮಯವೇ ಸಿಗುವುದಿಲ್ಲ.

ಪಾಠ ಹೇಳುವ ವೃತ್ತಿಗಾದರೂ ಉಪಯೋಗವಾಗಬೇಕಿತ್ತು, ಏಕೆಂದರೆ ನಮ್ಮಲ್ಲಿ ಎಲ್‌ಎಲ್‌ಎಂ ಕಡ್ಡಾಯವಾಗಿ ಬೇಕಾಗುವುದು ಅಲ್ಲೇ. ಅಲ್ಲಿಯೂ ತೊಡಕಿದೆ. ಭಾರತೀಯ ವಕೀಲರ ಪರಿಷತ್ತು 2021ರ ಜನವರಿಯಲ್ಲಿ ಗೆಜೆಟ್‌ನಲ್ಲಿ ಪ್ರಕಟಿಸಿದ ನಿಯಮಗಳು ಇಲ್ಲಿನ ಒಂದು ವರ್ಷದ ಎಲ್‌ಎಲ್‌ಎಂ ಅನ್ನೇ ಕೈಬಿಡುವುದಾಗಿ ಹೇಳಿದವು, ವಿದೇಶದ ಒಂದು ವರ್ಷದ ಎಲ್‌ಎಲ್‌ಎಂ ಭಾರತದ ಎಲ್‌ಎಲ್‌ಎಂಗೆ ಸಮಾನವಲ್ಲ ಎಂದೂ ಹೇಳಿದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆ ಶೈಕ್ಷಣಿಕ ವರ್ಷಕ್ಕೆ ಜಾರಿ ಮಾಡುವುದಿಲ್ಲ ಎಂದು ಪರಿಷತ್ತು ಹೇಳಿತು, ಒಂದು ವರ್ಷದ ಕೋರ್ಸುಗಳು ಇಲ್ಲಿ ನಡೆಯುತ್ತಲೇ ಇವೆ. ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕುವವರು ಈ ಅನಿಶ್ಚಿತತೆಯನ್ನು ಕಂಕುಳಲ್ಲಿಟ್ಟುಕೊಂಡೇ ಸಂದರ್ಶನಕ್ಕೆ ಹೋಗಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಎಲ್‌ಎಲ್‌ಎಂ ಆದರೆ ಸಿಎಲ್‌ಎಟಿ ಪ್ರವೇಶ ಪರೀಕ್ಷೆ ಬರೆದು, ಆ ಖರ್ಚಿನ ಸಣ್ಣದೊಂದು ಭಾಗಕ್ಕೆ ಸಿಗುತ್ತದೆ. ವಿದೇಶಿ ಪದವಿಯ ಸಮಾನತೆಯ ಪ್ರಮಾಣಪತ್ರಕ್ಕಾಗಿ ಅಲೆಯುವ ಪ್ರಶ್ನೆಯೂ ಅಲ್ಲಿ ಬರುವುದಿಲ್ಲ.

ಇನ್ನು ಪಠ್ಯದ ವಿಚಾರ. ಅಂತರರಾಷ್ಟ್ರೀಯ ಮಾರಾಟದ ಪಾಠಗಳಲ್ಲಿ ದೊಡ್ಡ ಪಾಲು ಪಡೆಯುವುದು ಸರಕು ಮಾರಾಟ ಕರಾರುಗಳ ಬಗ್ಗೆ 1980ರಲ್ಲಿ ವಿಯೆನ್ನಾದಲ್ಲಿ ಆದ ವಿಶ್ವಸಂಸ್ಥೆಯ ಒಪ್ಪಂದ. ಅದಕ್ಕೆ ಚೀನಾ, ಅಮೆರಿಕ, ಜರ್ಮನಿ ಸೇರಿವೆ. ಭಾರತ ಸೇರಿಲ್ಲ, ಪಾಠ ಹೇಳುವ ಬ್ರಿಟನ್ನೂ ಸೇರಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಜ್ಯ ಪರಿಹಾರ ವ್ಯವಸ್ಥೆ ಇನ್ನೊಂದು ಜನಪ್ರಿಯ ವಿಷಯ, ಆದರೆ ಅದರ ಮೇಲ್ಮನವಿ ಮಂಡಳಿ ಸದಸ್ಯರ ನೇಮಕವಿಲ್ಲದೆ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ. ಹೂಡಿಕೆ ಒಪ್ಪಂದಗಳ ಆರ್ಬಿಟ್ರೇಷನ್ ಕೇಳಲು ರೋಚಕ, ಆದರೆ ಇಡೀ ದೇಶದಲ್ಲಿ ಅಂಥ ಪ್ರಕರಣಗಳು ಕೆಲವೇ. ಅವುಗಳಲ್ಲಿ ವಾದಿಸುವ ಕಚೇರಿಗಳು ಇನ್ನೂ ಕೆಲವೇ. ಇವನ್ನು ಓದಬಾರದೆಂದಲ್ಲ. ಓದಲು ಇಷ್ಟವಿದ್ದವರಿಗೆ ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗದ ಎಲ್ಲ ಪಠ್ಯಗಳೂ ಬ್ರಿಟನ್ನಿನ ನ್ಯಾಯಾಲಯಗಳ ತೀರ್ಪುಗಳೂ ಅಂತರಜಾಲದಲ್ಲಿ ಬಿಡಿಗಾಸಿಲ್ಲದೆ ಸಿಗುತ್ತವೆ.

ದೇವಾಸ್ ಪ್ರಕರಣವನ್ನು ಪರದ ಕಡೆಯವರು ಚೆನ್ನಾಗಿ ಹೇಳಿದ್ದಾರೆ, ಆದರೆ ಮುಖ್ಯವಾದ ಅಧ್ಯಾಯವನ್ನು ಬಿಟ್ಟಿದ್ದಾರೆ. ಭಾರತದ ಮಟ್ಟಿಗೆ ಆ ಪ್ರಕರಣದ ದಿಕ್ಕು ತಿರುಗಿದ್ದು ಹೇಗ್‌ನಲ್ಲೂ ಅಲ್ಲ, ವಾಷಿಂಗ್ಟನ್ನಿನಲ್ಲೂ ಅಲ್ಲ, ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ. ವಂಚನೆಯ ಉದ್ದೇಶಕ್ಕೆ ಸ್ಥಾಪಿಸಿದ ಕಂಪನಿಯೆಂದು ದೇವಾಸನ್ನು 2013ರ ಕಂಪನಿ ಕಾಯ್ದೆಯ ಸೆಕ್ಷನ್ 271ರ ಅಡಿಯಲ್ಲಿ ಸಮಾಪನಗೊಳಿಸಬೇಕೆಂದು, ಅಂದರೆ ಮುಚ್ಚಿಸಬೇಕೆಂದು, ಆಂಟ್ರಿಕ್ಸ್ ಅರ್ಜಿ ಹಾಕಿತು. 2021ರ ಮೇನಲ್ಲಿ ಆದೇಶವಾಯಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಆ ಹಳೆಯ ಅವಾರ್ಡನ್ನು ನಮ್ಮ 1996ರ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 34ರಡಿ ರದ್ದುಪಡಿಸಿತು. ಈ ತೀರ್ಪುಗಳು ನ್ಯಾಯವೇ ಎಂಬ ಚರ್ಚೆ ಬೇರೆ, ಅದರ ಬಗ್ಗೆ ಹೊರದೇಶದ ನ್ಯಾಯಾಲಯಗಳು ಬೇರೆಯದೇ ನಿಲುವು ತಳೆದಿವೆ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಆ ಅರ್ಜಿಯನ್ನು ಬರೆಯಲು ಬೇಕಾದ ವಿದ್ಯೆ ಬ್ರಿಟನ್ನಿನ ಯಾವ ಎಲ್‌ಎಲ್‌ಎಂನಲ್ಲೂ ಕಲಿಸುವಂಥದ್ದಲ್ಲ.

ಆ ವಿದ್ಯೆ ಸಿಗುವ ಜಾಗಗಳು ಇಲ್ಲೇ ಇವೆ, ಮೊದಲಿಗಿಂತ ಹೆಚ್ಚಾಗಿವೆ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ 2015ರಲ್ಲಿ ಬಂದಾಗ ಒಂದು ಕೋಟಿ ರೂಪಾಯಿ ಇದ್ದ ದಾವೆಯ ಕನಿಷ್ಠ ಮೌಲ್ಯವನ್ನು 2018ರಲ್ಲಿ ಮೂರು ಲಕ್ಷಕ್ಕೆ ಇಳಿಸಲಾಯಿತು. ಅಂದರೆ ಸಣ್ಣ ವ್ಯಾಪಾರಿಯ ಬಾಕಿ ವಸೂಲಿಯ ದಾವೆಯೂ ಈಗ ವಾಣಿಜ್ಯ ವ್ಯಾಜ್ಯ. ತುರ್ತು ಪರಿಹಾರ ಕೋರದ ದಾವೆಗೆ ಮೊದಲು ಸೆಕ್ಷನ್ 12ಎ ಪ್ರಕಾರ ಸಂಧಾನಕ್ಕೆ ಹೋಗಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ತುರ್ತು ಇದೆ ಎಂದು ತೋರಿಸುವ ಮಧ್ಯಂತರ ಅರ್ಜಿಯನ್ನು ಬರೆಯುವುದೇ ಒಂದು ಕಸುಬಾಗಿದೆ. ಬೆಂಗಳೂರಿನ ಖನಿಜ ಭವನದಲ್ಲಿರುವ ಆರ್ಬಿಟ್ರೇಷನ್ ಕೇಂದ್ರದಲ್ಲಿ ಹಿರಿಯರ ಪಕ್ಕ ಕುಳಿತು, ಸಾಕ್ಷಿಯ ಪಾಟೀಸವಾಲಿಗೆ ದಾಖಲೆಗಳ ಸಂಪುಟ ಜೋಡಿಸಿಕೊಡುವ ಕಿರಿಯ ವಕೀಲನ ಕೈಗೆ ಮೊದಲು ಬರುವುದು ಇಮೇಲ್‌ಗಳ ಕಟ್ಟು. ಕರಾರಿಗೆ ಸಹಿ ಹಾಕಿದ ನಂತರ ಎರಡು ಕಡೆಯವರು ಬರೆದುಕೊಂಡ ಪತ್ರಗಳಲ್ಲಿ ಕರಾರಿನ ಅವಧಿ ಸದ್ದಿಲ್ಲದೆ ಮೂರು ತಿಂಗಳು ಮುಂದಕ್ಕೆ ಹೋಗಿರುತ್ತದೆ. ‘ಬದಲಾವಣೆಗಳೆಲ್ಲ ಲಿಖಿತವಾಗಿ, ಸಹಿಯೊಂದಿಗೆ ಇರತಕ್ಕದ್ದು’ ಎಂಬ ಷರತ್ತು ಕರಾರಿನ ಕೊನೆಯ ಪುಟದಲ್ಲಿ ಹಾಗೇ ಕುಳಿತಿರುತ್ತದೆ. ಆ ಎರಡನ್ನು ಹೊಂದಿಸಿ ವಾದ ಕಟ್ಟುವುದನ್ನು ಒಮ್ಮೆ ನೋಡಿದವರಿಗೆ ಮುಂದೆ ಇಂಗ್ಲೆಂಡಿನ ಯಾವ ತೀರ್ಪು ಓದಿದರೂ ಅದರಲ್ಲಿ ಜೀವ ಕಾಣಿಸುತ್ತದೆ. ನೋಡದವರಿಗೆ ಅದು ಪರೀಕ್ಷೆಗೆ ಬರೆಯಬೇಕಾದ ಇನ್ನೊಂದು ಹೆಸರು.

ಮೊದಲ ತಲೆಮಾರಿನವರಿಗೆ ಹಿರಿಯರ ಕಚೇರಿ ಸಿಗುವುದಿಲ್ಲ ಎಂಬ ಆಕ್ಷೇಪ ಗಂಭೀರವಾದದ್ದು, ಅದಕ್ಕೆ ಪೂರ್ತಿ ಉತ್ತರ ಈ ಕಡೆಯವರ ಬಳಿಯೂ ಇಲ್ಲ. ಆದರೆ ಕಚೇರಿ ಸಿಗದವರ ಮನೆಯಲ್ಲೇ 40 ಲಕ್ಷದ ಸಾಲಕ್ಕೆ ಅಡವಿಡಲು ಆಸ್ತಿ ಇಲ್ಲದಿರುವುದು, ಇದ್ದರೂ ಅದು ಒಂದೇ ಇರುವುದು. ಪೂರ್ಣ ವಿದ್ಯಾರ್ಥಿವೇತನ ಸಿಕ್ಕವರು ಖಂಡಿತ ಹೋಗಲಿ. ಅವರಿಗೆ ಈ ವಾದ ಅನ್ವಯಿಸುವುದಿಲ್ಲ. ಗಮನಿಸಬೇಕಾದದ್ದೆಂದರೆ ಚೀವ್ನಿಂಗ್ ಕೂಡ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ, ಓದಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಹಿಂದಿರುಗಬೇಕೆನ್ನುತ್ತದೆ. ಬ್ಯಾಂಕಿನ ಟ್ರೇಡ್ ಫೈನಾನ್ಸ್ ವಿಭಾಗದಲ್ಲೋ ರಫ್ತು ಕಂಪನಿಯ ಕಾನೂನು ವಿಭಾಗದಲ್ಲೋ ನಾಲ್ಕೈದು ವರ್ಷ ದುಡಿದು, ತನಗೆ ಬೇಕಾದ ವಿಷಯ ಯಾವುದೆಂದು ತಿಳಿದು, ಉಳಿಸಿದ ಹಣದಿಂದಲೋ ಕಂಪನಿಯ ಖರ್ಚಿನಲ್ಲೋ ಹೋಗುವವರಿಗೂ ಆ ವರ್ಷ ಫಲ ಕೊಡಬಹುದು. ಈಗಾಗಲೇ ಪ್ರವೇಶಪತ್ರ ಕೈಯಲ್ಲಿ ಹಿಡಿದು ಕುಳಿತ ಹೊಸ ಪದವೀಧರರು ಸೀಟನ್ನು ಒಂದು ವರ್ಷ ಮುಂದೂಡಲು ಅವಕಾಶವಿದೆಯೇ ಎಂದು ವಿಶ್ವವಿದ್ಯಾಲಯಕ್ಕೆ ಬರೆದು ಕೇಳಬೇಕು, ಅನೇಕ ಕಡೆ ಅವಕಾಶ ಇರುತ್ತದೆ. ಕೇಳುವುದಾದರೆ ಸೀಟಿನ ಠೇವಣಿ ಕಟ್ಟುವುದಕ್ಕೆ ಮೊದಲೇ ಕೇಳಬೇಕು. ಕಟ್ಟಿದ ಹಣವನ್ನು ವೀಸಾ ನಿರಾಕರಣೆಯಂಥ ಕೆಲವು ಕಾರಣಗಳಿಗೆ ಮಾತ್ರ ಹಿಂದಿರುಗಿಸುವ ಷರತ್ತು ಪ್ರವೇಶಪತ್ರದ ಜೊತೆಯಲ್ಲೇ ಬಂದಿರುತ್ತದೆ, ಕರಾರು ಕಾನೂನು ಓದಿದವರೂ ಅದನ್ನು ಓದಿರುವುದಿಲ್ಲ.